ಅಮ್ಮನನ್ನು ಪುಣ್ಯನಾಡಿಗೆ ಕರೆದೊಯ್ಯಬೇಕೆಂದಿದ್ದೇನೆ: ಹತ್ತು ದಿನಕ್ಕೆ ಮೂರು ದೇಶ ಆದೀತೇ?

ಬೈತಖೋಲದ ಮಗಳು (ಕಾರವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದಿಂದ ಬರುವ ಫೆಬ್ರವರಿಯಲ್ಲಿ 38 ಜನರ ತಂಡವೊಂದು ಪುಣ್ಯನಾಡಿನ ಯಾತ್ರೆಗೆ ಹೊರಡಲಿದೆ. ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದು ನಾನೂ ಹೆಸರು ಕೊಟ್ಟಿದ್ದೇನೆ, ಆದರೆ ಕೈಗೆ ಬಂದ ಕಾರ್ಯಕ್ರಮ ಪಟ್ಟಿಯನ್ನು ನೋಡಿದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲ.

ಅಮ್ಮನಿಗೆ ಈಗ 71 ವರ್ಷ. ಅಪ್ಪ ಬೈತಖೋಲ ಬಂದರಿನ ಬೋಟುಗಳಲ್ಲಿ ಆಯುಷ್ಯವಿಡೀ ದುಡಿದು ಮೂರು ವರ್ಷದ ಹಿಂದೆ ತೀರಿಕೊಂಡರು. ಅಮ್ಮ ಮನೆಯ ಹಿತ್ತಿಲಲ್ಲಿ ಮೀನಿಗೆ ಉಪ್ಪು ಬೆರೆಸಿ, ಒಣಗಿಸಿ, ಬುಟ್ಟಿಯಲ್ಲಿ ಹೊತ್ತು ಸಂತೆಯಲ್ಲಿ ಮಾರಿ ನಮ್ಮನ್ನು ಓದಿಸಿದವರು. ಯೇಸು ಶಿಷ್ಯರನ್ನು ಕರೆದ ಗಲಿಲೇಯ ಸಮುದ್ರದ ದಡದಲ್ಲಿ, ಪೇತ್ರನು ಬಲೆ ಬೀಸಿದ ಆ ನೀರಿನ ಎದುರಿಗೆ ಒಮ್ಮೆ ಕೂತು ಅಪ್ಪನಿಗಾಗಿ ಜಪಸರ ಹೇಳಬೇಕು ಎಂಬುದು ಅವರ ಬಹುಕಾಲದ ಆಸೆ.

ಪಟ್ಟಿ ಹೀಗಿದೆ. ಕೈರೋದಲ್ಲಿ ಇಳಿದು ಮರುದಿನವೇ ಬಸ್ಸಿನಲ್ಲಿ ಸಂತ ಕ್ಯಾಥರೀನಳ ಮಠಕ್ಕೆ ಹೋಗುವುದು, ರಾತ್ರಿ ಸಿನಾಯ್ ಬೆಟ್ಟ ಹತ್ತುವುದು, ಈಜಿಪ್ಟ್-ಇಸ್ರೇಲ್ ನಡುವಿನ ತಾಬಾ ಗಡಿ ದಾಟಿ ಬೆತ್ಲೆಹೇಮ್ ಮತ್ತು ಜೆರುಸಲೇಮ್ ನೋಡುವುದು, ಅಲ್ಲಿಂದ ನಜರೇತ್, ಒಂದು ಮಧ್ಯಾಹ್ನ ಗಲಿಲೇಯ, ಆಮೇಲೆ ಜೋರ್ಡಾನ್ ದೇಶದಲ್ಲಿ ನೆಬೋ ಬೆಟ್ಟ, ಮದಬಾ, ಪೆಟ್ರಾ. ತಲಾ 1,90,000 ರೂಪಾಯಿ. ಅಮ್ಮ ಯಾವುದನ್ನು ನೋಡಲು ಹೊರಟಿದ್ದಾರೋ ಅದಕ್ಕೆ ಸಿಕ್ಕಿರುವುದು ಮೂರೇ ಗಂಟೆ. ಅನುಭವವಿದ್ದವರು ದಯವಿಟ್ಟು ತಿಳಿಸಿ: ಹೀಗೆಯೇ ಹೋಗಬಹುದೇ, ಅಥವಾ ಸಂಘಟಕರ ಬಳಿ ಬದಲಾವಣೆ ಕೇಳಬೇಕೇ?

ಶಿರಸಿಯ ಅಧ್ಯಾಪಕ

ಖಂಡಿತ ಕೇಳಿ, ಮತ್ತು ಮುಂಗಡ ಹಣ ಕಟ್ಟುವ ಮೊದಲೇ ಕೇಳಿ. 2019ರಲ್ಲಿ ನಾನೂ ನನ್ನ ಪತ್ನಿಯೂ ಹೆಚ್ಚುಕಡಿಮೆ ಇದೇ ಪಟ್ಟಿಯ ಪ್ರಕಾರ ಹೋಗಿ ಬಂದೆವು. ಸಿನಾಯ್ ಬೆಟ್ಟದ ಎತ್ತರ 2,285 ಮೀಟರ್. ಬಹುದೂರದವರೆಗೆ ಒಂಟೆಗಳ ದಾರಿ, ಕೊನೆಯಲ್ಲಿ ಸುಮಾರು 750 ಒರಟು ಕಲ್ಲಿನ ಮೆಟ್ಟಿಲು. ಮಧ್ಯರಾತ್ರಿ ಕಳೆದ ಮೇಲೆ ಟಾರ್ಚ್ ಹಿಡಿದು, ಹಲ್ಲು ಕಡಿಯುವ ಚಳಿಯಲ್ಲಿ ಹತ್ತಬೇಕು. ಶಿರಸಿಯ ಮಾಗಿಯ ಚಳಿಯನ್ನು ಕಂಡ ನಮಗೇ ಅದು ತಡೆಯಲಿಲ್ಲ. ಮೆಟ್ಟಿಲು ಆರಂಭವಾಗುವಲ್ಲಿ ನನ್ನವಳ ಮಂಡಿ ಸೋತಿತು. ಕಂಬಳಿ ಹೊದ್ದು ಅಲ್ಲಿಯೇ ಕೂತಳು. ಆ ಒಂದು ರಾತ್ರಿಯ ಆಯಾಸ ಮುಂದಿನ ನಾಲ್ಕು ದಿನ ಇಡೀ ತಂಡವನ್ನು ಕಾಡಿತು. ಬೆತ್ಲೆಹೇಮಿನಲ್ಲಿ ನಮ್ಮವರು ಪೂಜೆಯ ನಡುವೆಯೇ ತೂಕಡಿಸುತ್ತಿದ್ದರು.

ನನಗೆ ಇಂದಿಗೂ ನೋವಾಗುವುದು ಬೇರೆಯದೇ ವಿಷಯಕ್ಕೆ. ಗಲಿಲೇಯದ ದಡದ ಕಫೆರ್ನವುಮ್ ಊರಿನಲ್ಲಿ ನಮಗೆ ಕೊಟ್ಟದ್ದು 20 ನಿಮಿಷ. ಅಲ್ಲಿನ ಯೆಹೂದ್ಯರ ಸಭಾಮಂದಿರದ ಬಿಳಿ ಸುಣ್ಣಕಲ್ಲಿನ ಕಂಬಗಳು ಯೇಸುವಿನ ಕಾಲಕ್ಕಿಂತ ಕೆಲವು ಶತಮಾನ ಈಚಿನವು, ಆದರೆ ಅವುಗಳ ಬುಡದಲ್ಲಿ ಕರಿಕಲ್ಲಿನ ಹಳೆಯ ತಳಪಾಯವೊಂದು ಕಾಣುತ್ತದೆ. ಯೇಸು ಬೋಧಿಸಿದ ಸಭಾಮಂದಿರ ಅದೇ ಇರಬಹುದೆಂದು ಹಲವರು ಭಾವಿಸುತ್ತಾರೆ. ಅದರ ಮುಂದೆ ನಿಂತು ಒಂದು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಬಸ್ಸಿಗೆ ಕರೆ ಬಂತು. ಅದೇ ದಿನ ಸಂಜೆ ಒಂದು ಆಭರಣದ ಅಂಗಡಿಯಲ್ಲಿ ನಮ್ಮನ್ನು ಒಂದೂವರೆ ಗಂಟೆ ಕೂರಿಸಿದರು. ಆದ್ದರಿಂದ ಯಾವ ಊರಿನಲ್ಲಿ ಎಷ್ಟು ಹೊತ್ತು, ಎಷ್ಟು ಅಂಗಡಿ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಅಂಕೋಲಾದ ಓದುಗ

ಅಮ್ಮನ ನಡಿಗೆ ಹೇಗಿದೆ ಎಂಬುದನ್ನು ನೀವು ಬರೆದಿಲ್ಲವಲ್ಲ?

ಬೈತಖೋಲದ ಮಗಳು (ಕಾರವಾರ)

ಸಮತಟ್ಟಾದ ದಾರಿಯಲ್ಲಿ ನನಗಿಂತ ಚೆನ್ನಾಗಿ ನಡೆಯುತ್ತಾರೆ. ಮೆಟ್ಟಿಲು ಇಳಿಯುವಾಗ ಮಾತ್ರ ಎಡಮಂಡಿ ಹಿಡಿದುಕೊಳ್ಳುತ್ತದೆ, ಗೋಡೆಗೆ ಕೈಯಾನಿಸಿ ಒಂದೊಂದೇ ಹೆಜ್ಜೆ ಇಳಿಯುತ್ತಾರೆ. ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ.

ಕುಮಟಾದ ಯಾತ್ರಿಕ

ಶಿರಸಿಯವರ ಕಷ್ಟ ಅರ್ಥವಾಗುತ್ತದೆ, ಆದರೆ ಮೂರು ದೇಶಗಳ ಯಾತ್ರೆಯನ್ನು ಬರೀ ಓಟವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಈಜಿಪ್ಟಿನಿಂದ ಹೊರಟು, ಸಿನಾಯ್ ಮರಳುಗಾಡನ್ನು ದಾಟಿ ವಾಗ್ದಾನದ ನಾಡನ್ನು ಸೇರುವುದೆಂದರೆ ಬೈಬಲ್ಲಿನ ವಿಮೋಚನಕಾಂಡದಲ್ಲಿ ಮೋಶೆಯ ಜನ ನಡೆದ ದಾರಿಯಲ್ಲಿಯೇ ಸಾಗಿದಂತೆ. ಹಳೆಯ ಕೈರೋದಲ್ಲಿ ಅಬು ಸೆರ್ಗಾ ಎಂಬ ಪುರಾತನ ಕೋಪ್ಟಿಕ್ (ಈಜಿಪ್ಟಿನ ಮೂಲ ಕ್ರೈಸ್ತರ) ದೇವಾಲಯವಿದೆ. ರಾಜ ಹೆರೋದನಿಗೆ ಹೆದರಿ ಓಡಿಬಂದ ಪವಿತ್ರ ಕುಟುಂಬವು (ಮರಿಯ, ಜೋಸೆಫ್, ಬಾಲ ಯೇಸು) ತಂಗಿದ್ದ ಜಾಗವೆಂದು ಅದರ ನೆಲಮಾಳಿಗೆಯನ್ನು ತೋರಿಸುತ್ತಾರೆ. ನೆಬೋ ಬೆಟ್ಟದ ಮೇಲೆ, ಮೋಶೆಯು ನಾಡನ್ನು ಕಂಡೂ ಒಳಗೆ ಕಾಲಿಡಲಾಗದೆ ಕಣ್ಣುಮುಚ್ಚಿದ ಆ ಎತ್ತರದಲ್ಲಿ ನಿಂತಾಗ, ಕೆಳಗೆ ಮೃತ ಸಮುದ್ರ ಮಸುಕಾಗಿ ಹೊಳೆಯುತ್ತಿತ್ತು. ಆಗ ನನಗೆ ಬೈಬಲ್ಲಿನ ಒಂದು ಇಡೀ ಕಾಂಡ ಮೊದಲ ಬಾರಿಗೆ ತಿಳಿದಂತಾಯಿತು. ಮದಬಾದ ಸಂತ ಜಾರ್ಜ್ ದೇವಾಲಯದ ನೆಲದಲ್ಲಿರುವ ಆರನೆಯ ಶತಮಾನದ ಕಲ್ಲುಚೂರುಗಳ ನಕ್ಷೆಯನ್ನೂ ಮರೆಯುವಂತಿಲ್ಲ. ಅದರಲ್ಲಿ ಜೋರ್ಡನ್ ನದಿಯ ಮೀನುಗಳನ್ನು ಕೂಡ ಬಿಡಿಸಿದ್ದಾರೆ. ನಮ್ಮ ಕಡೆಯ ಸಾಮಾನ್ಯ ಜನ ಜೀವನದಲ್ಲಿ ಎರಡನೆಯ ಬಾರಿ ಇಷ್ಟು ದೂರ ಹೋಗುವುದಿಲ್ಲ. ಬೆಟ್ಟ ಹತ್ತುವುದೊಂದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಲಿ.

ಶಿರಸಿಯ ಅಧ್ಯಾಪಕ

ಕೈರೋದಿಂದ ಮಠಕ್ಕೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಹಗಲು, ಅಲ್ಲಿಂದ ತಾಬಾ ಗಡಿಯ ತಪಾಸಣೆ ಮುಗಿಸಿ ಬೆತ್ಲೆಹೇಮ್ ಸೇರಲು ಮತ್ತೊಂದು ಹಗಲು. 71 ವರ್ಷದವರು ಎರಡು ಹಗಲು ಸೀಟಿನಲ್ಲಿ ಕಳೆದು ಪಡೆಯುವುದೇನು ಎಂಬುದೇ ನನ್ನ ಪ್ರಶ್ನೆ. ನೀವು ಹೋದಾಗ ನಿಮ್ಮ ವಯಸ್ಸೆಷ್ಟು?

ಕುಮಟಾದ ಯಾತ್ರಿಕ

ನಲವತ್ತಾರು. ಆ ಮಟ್ಟಿಗೆ ನಿಮ್ಮ ಮಾತು ಸರಿ.

ಸದಾಶಿವಗಡ ನಿವಾಸಿ

ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ, ಯಾರೂ ಬೇಸರಿಸಬಾರದು. ಇಬ್ಬರಿಗೆ ನಾಲ್ಕು ಲಕ್ಷದ ಹತ್ತಿರ ಖರ್ಚು, ಮೇಲಾಗಿ ಯಾವಾಗ ಯುದ್ಧ ಹೊತ್ತಿಕೊಳ್ಳುತ್ತದೋ ಎಂಬ ಭಯ. 2023ರ ಅಕ್ಟೋಬರ್ 7ರ ನಂತರ ಎಷ್ಟು ತಂಡಗಳು ಹೊರಡಲಾಗದೆ ನಿಂತವು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಹಿರಿಯರು ಕಾಳಿ ನದಿಯನ್ನು ದಾಟಿ, ಜಪಸರ ಹೇಳುತ್ತ ನಡೆದೇ ಹಳೇ ಗೋವೆಗೆ ಹೋಗುತ್ತಿದ್ದರು. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಈಗಲೂ ನಡೆದು ಹೋಗುವವರಿದ್ದಾರೆ. 1552ರಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಸಂತನ ಪಾರ್ಥಿವ ಶರೀರ ನಮ್ಮ ಮಗ್ಗುಲಲ್ಲಿಯೇ ಇರುವಾಗ, ಕನ್ನಡ ಜಿಲ್ಲೆಯ ಉದ್ದಕ್ಕೂ ಓಡಾಡಿ ಸೇವೆ ಮಾಡಿದ, 2015ರಲ್ಲಿ ಸಂತ ಪದವಿಗೇರಿದ ಜೋಸೆಫ್ ವಾಜರ ಹೆಜ್ಜೆಗಳು ಇಲ್ಲಿಯೇ ಇರುವಾಗ, ಅಷ್ಟು ದೂರ ಏಕೆ ಹೋಗಬೇಕು? ಭಕ್ತಿಗೆ ದೂರದ ಅಗತ್ಯವಿಲ್ಲ.

ಚಂದಾವರದವ

ಅದೇ ಹಬ್ಬಕ್ಕೆ ನಮ್ಮ ಚಂದಾವರಕ್ಕೂ ಬನ್ನಿ, ಎಲ್ಲ ಮತದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಆದರೆ ಒಂದು ಯಾತ್ರೆಯನ್ನು ಇನ್ನೊಂದರ ಎದುರಿಗೆ ತೂಗಬೇಕಾಗಿಲ್ಲ. ಆ ತಾಯಿ ಕೇಳುತ್ತಿರುವುದು ಗಲಿಲೇಯವನ್ನು.

ಹೊನ್ನಾವರದ ಆರೈಕೆದಾರೆ

ನಾನು ಆರು ವರ್ಷ ಹೈಫಾ ನಗರದಲ್ಲಿ ಒಬ್ಬ ವೃದ್ಧೆಯ ಆರೈಕೆಯ ಕೆಲಸದಲ್ಲಿದ್ದೆ. ರಜೆ ಸಿಕ್ಕಾಗಲೆಲ್ಲ ಗಲಿಲೇಯಕ್ಕೆ ಹೋಗುತ್ತಿದ್ದೆ, ಹಾಗಾಗಿ ತಂಗಿಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಅಮ್ಮನಿಗೆ ಇದನ್ನು ಹೇಳಿಡಿ: ಅದು ಹೆಸರಿಗೆ ಸಮುದ್ರ, ನಿಜದಲ್ಲಿ ಸಿಹಿನೀರಿನ ದೊಡ್ಡ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಅರಬ್ಬೀ ಸಮುದ್ರವನ್ನು ನೋಡಿ ಬೆಳೆದವರಿಗೆ ಎದುರು ದಡ ಕಾಣುವ ನೀರು ಮೊದಲ ನೋಟಕ್ಕೆ ಸಣ್ಣದೆನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಆದರೆ ಅದು ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗೆ, ಗುಡ್ಡಗಳ ನಡುವಿನ ಬೋಗುಣಿಯಲ್ಲಿದೆ. ಮೇಲಿನ ತಣ್ಣನೆಯ ಗಾಳಿ ಒಮ್ಮೆಗೇ ಕೆಳಗೆ ಧುಮುಕಿದರೆ, ಕನ್ನಡಿಯಂತಿದ್ದ ನೀರು ನೋಡನೋಡುತ್ತಿದ್ದಂತೆ ಕುದಿಯತೊಡಗುತ್ತದೆ. ಬಿರುಗಾಳಿಯಲ್ಲಿ ಶಿಷ್ಯರು ದೋಣಿಯಲ್ಲಿ ಮಲಗಿದ್ದ ಯೇಸುವನ್ನು ಎಬ್ಬಿಸಿ ಕೂಗಿದ್ದು ಏಕೆಂದು ನನಗೆ ಒಂದು ಮಧ್ಯಾಹ್ನ ದಡದಲ್ಲಿ ನಿಂತೇ ತಿಳಿಯಿತು. ನಿಮ್ಮ ಅಮ್ಮನಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಮುಖ್ಯವಾದ ಮಾತು. ಸರೋವರದ ದಡದ ತಿಬೇರಿಯ ಪಟ್ಟಣದಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಮಗ್ದಲ ಇದೆ, ಮಗ್ದಲದ ಮರಿಯಳ ಊರು. ಗ್ರೀಕರು ಕರೆಯುತ್ತಿದ್ದ ತಾರಿಕೇಯೆ ಎಂಬ ಊರು ಇದೇ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ಆ ಹೆಸರು ಬಂದದ್ದೇ ಮೀನಿಗೆ ಉಪ್ಪು ಹಾಕುವ ಕಸುಬಿನಿಂದ. ಸರೋವರದಲ್ಲಿ ಹಿಡಿದ ಮೀನಿಗೆ ಉಪ್ಪು ಹಾಕಿ ದೂರದ ಊರುಗಳಿಗೆ ಕಳುಹಿಸುತ್ತಿದ್ದ ಪಟ್ಟಣವದು. 2009ರಲ್ಲಿ ಅಲ್ಲಿ ಒಂದನೆಯ ಶತಮಾನದ ಸಭಾಮಂದಿರವೊಂದು ಅಗೆತದಲ್ಲಿ ಸಿಕ್ಕಿತು, ಏಳು ಕವಲಿನ ದೀಪವನ್ನು ಕೆತ್ತಿದ ಕಲ್ಲೂ ಅದರೊಳಗಿತ್ತು. ಸುತ್ತಲಿನ ಬೀದಿ, ಮನೆ, ಮಾರುಕಟ್ಟೆಗಳ ಅಡಿಪಾಯಗಳ ನಡುವೆ ಈಗ ನಡೆದಾಡಬಹುದು, ನೆಲವೂ ಸಮತಟ್ಟಾಗಿದೆ. ನಿಮ್ಮ ಪಟ್ಟಿಯಲ್ಲಿ ಮಗ್ದಲದ ಹೆಸರಿಲ್ಲ. ಉಪ್ಪುಮೀನು ಮಾಡಿ ಮಕ್ಕಳನ್ನು ಸಾಕಿದ ತಾಯಿಯನ್ನು ಅಲ್ಲಿಯವರೆಗೆ ಕರೆದೊಯ್ದು, ಆ ಊರನ್ನು ತೋರಿಸದೆ ವಾಪಸು ತರಬೇಡಿ.

ತಿಬೇರಿಯದಲ್ಲಿ ಎರಡು ರಾತ್ರಿ ತಂಗುವಂತೆ ಕೇಳಿ. ಇನ್ನೊಂದು ಎಚ್ಚರಿಕೆ: ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಸಂಜೆಯವರೆಗೆ ಯೆಹೂದ್ಯರ ಸಬ್ಬತ್, ಬಸ್ಸು, ಅಂಗಡಿಗಳು ಬಹುಪಾಲು ನಿಲ್ಲುತ್ತವೆ. ಆದರೆ ಶುಕ್ರವಾರ ಮಧ್ಯಾಹ್ನ ಜೆರುಸಲೇಮಿನಲ್ಲಿದ್ದರೆ ಫ್ರಾನ್ಸಿಸ್ಕನ್ ಗುರುಗಳ ಜೊತೆ ಶಿಲುಬೆ ಹಾದಿಯಲ್ಲಿ ನಡೆಯಬಹುದು. ಹಳೆಯ ನಗರದ ಕಲ್ಲುಹಾಸು ಸವೆದು ನುಣ್ಣಗಾಗಿದೆ, ಮಳೆ ಬಂದರೆ ಜಾರುತ್ತದೆ, ಫೆಬ್ರವರಿ ಮಳೆಯ ತಿಂಗಳೇ. ಹಿಡಿತವಿರುವ ಚಪ್ಪಲಿಯೇ ಬೇಕು.

ಬೈತಖೋಲದ ಮಗಳು (ಕಾರವಾರ)

ಅಕ್ಕಾ, ಮಗ್ದಲದ ವಿಷಯ ನನಗೆ ಗೊತ್ತೇ ಇರಲಿಲ್ಲ. ಇವತ್ತೇ ರಾತ್ರಿ ಅಮ್ಮನಿಗೆ ಓದಿ ಹೇಳುತ್ತೇನೆ.

ಮಾಜಾಳಿಯ ಮೀನುಗಾರ

ಇದೇ ದಾರಿಯಲ್ಲಿ ಗಿನೋಸಾರ್ ಎಂಬಲ್ಲಿಯೂ ಬಸ್ಸು ನಿಲ್ಲಿಸಲು ಹೇಳಿ. 1986ರಲ್ಲಿ ಬರದಿಂದ ಸರೋವರದ ನೀರು ಇಳಿದಾಗ ಇಬ್ಬರು ಮೀನುಗಾರ ಸಹೋದರರಿಗೆ ಕೆಸರಿನಲ್ಲಿ ಹೂತಿದ್ದ ದೋಣಿಯೊಂದು ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷ ಹಳೆಯದು, 8.2 ಮೀಟರ್ ಉದ್ದ, 2.3 ಮೀಟರ್ ಅಗಲ. ನನ್ನ ಮಟ್ಟಿಗೆ ಅದರ ದೊಡ್ಡ ಸಂಗತಿಯೆಂದರೆ ಮರ: ಹಲಗೆಗಳು ಹೆಚ್ಚಾಗಿ ದೇವದಾರು, ಪಕ್ಕೆಗಳು ಓಕ್, ಅವುಗಳ ನಡುವೆ ಬೇರೆ ಹತ್ತು ಜಾತಿಯ ಮರದ ತುಂಡುಗಳು. ಹೊಸ ಹಲಗೆಗೆ ಹಣವಿಲ್ಲದ ಬಡವರ ದೋಣಿಗೆ ಮಾತ್ರ ಇಷ್ಟು ತೇಪೆ ಬೀಳುತ್ತದೆ. ನನ್ನ ಅಜ್ಜನ ದೋಣಿಯೂ ಹಾಗೆಯೇ ಇತ್ತು. ಹಲಸು, ಮಾವು, ಯಾವುದು ಸಿಕ್ಕಿತೋ ಅದನ್ನು ಬಡಿದು ಸಂದಿಗೆ ಹತ್ತಿ ತುರುಕಿ ನೀರಿಗೆ ಇಳಿಸುತ್ತಿದ್ದರು.

ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಬಲೆಯ ಸಾಮತಿ (ದೃಷ್ಟಾಂತ ಕಥೆ) ಇದೆ: ಬಲೆ ತುಂಬಿದ ಮೇಲೆ ದಡಕ್ಕೆ ಎಳೆದು, ಕೂತು, ಒಳ್ಳೆಯದನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಬಿಸಾಡಿದರು. ಅದು ನಮ್ಮ ರಾಂಪಣಿ ಬಲೆಯೇ. ಊರಿಗೆ ಊರೇ ಎರಡು ಕಡೆ ಹಗ್ಗ ಹಿಡಿದು ಎಳೆಯುವಾಗ, ಮರಳಿನ ಮೇಲೆ ಕೂತು ಬಂಗಡೆ ಒಂದು ಕಡೆ, ತಾರ್ಲೆ ಒಂದು ಕಡೆ ಆರಿಸುವ ಹೆಂಗಸರನ್ನು ನೋಡಿದವರಿಗೆ ಆ ಸಾಮತಿ ಒಂದೇ ಓದಿಗೆ ತಿಳಿಯುತ್ತದೆ.

ಬಿಣಗಾದ ಧರ್ಮೋಪದೇಶಕ

ತಂಡದಲ್ಲಿ ಹಲವರು ಜೋರ್ಡನ್ ನದಿಯಲ್ಲಿ ಮತ್ತೊಮ್ಮೆ ಜ್ಞಾನಸ್ನಾನ ಪಡೆಯಬೇಕೆಂದು ಹೇಳುತ್ತಾರೆ. ಜ್ಞಾನಸ್ನಾನ ಜೀವನದಲ್ಲಿ ಒಮ್ಮೆ ಮಾತ್ರ. ಅಲ್ಲಿ ನಾವು ಮಾಡುವುದು ಆ ಪ್ರತಿಜ್ಞೆಗಳ ನವೀಕರಣ. ಯಾವ ಜಾಗಕ್ಕೆ ಕರೆದೊಯ್ಯುತ್ತಾರೆಂದೂ ವಿಚಾರಿಸಿ. ಸರೋವರದಿಂದ ನದಿ ಹೊರಬೀಳುವಲ್ಲಿರುವ ಯಾರ್ದೆನಿತ್ ಅನುಕೂಲಕ್ಕಾಗಿ ಇತ್ತೀಚೆಗೆ ಮಾಡಿದ ತಾಣ. ಯೇಸುವಿಗೆ ಜ್ಞಾನಸ್ನಾನ ಕೊಟ್ಟ ಸ್ನಾನಿಕ ಯೊವಾನ್ನನ ಸ್ಥಳವೆಂದು ಪ್ರಾಚೀನ ಕಾಲದಿಂದ ನಂಬಿರುವುದು ದಕ್ಷಿಣದಲ್ಲಿ, ಜೆರಿಕೋ ಬಳಿ. ಪೂರ್ವ ದಡದ ಅಲ್ ಮಗ್ತಾಸ್ ಯುನೆಸ್ಕೋ ಪಟ್ಟಿಗೆ 2015ರಲ್ಲಿ ಸೇರಿತು. ಎದುರಿನ ಪಶ್ಚಿಮ ದಡ ಕಸ್ರ್ ಅಲ್ ಯಹೂದ್. ನಡುವೆ ಕೆಲವೇ ಮೀಟರ್ ಮಣ್ಣುಬಣ್ಣದ ನೀರು. ಬಾಟಲಿಯಲ್ಲಿ ನೀರು ತರುವವರು ಅದನ್ನು ಚೆಕ್‌ಇನ್ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯನ್ನು ಬಿಡುವುದಿಲ್ಲ.

ಹಳಿಯಾಳದ ಸಹೋದರ

ನಾನು ಪ್ರೊಟೆಸ್ಟಂಟ್ ಸಭೆಯವನು. ಜೆರುಸಲೇಮಿನಲ್ಲಿ ಉದ್ಯಾನ ಸಮಾಧಿಗೂ ಹೋಗಿ ಎಂದು ಕೇಳಿಕೊಳ್ಳುತ್ತೇನೆ. ದಮಸ್ಕ ಬಾಗಿಲಿನ ಹೊರಗೆ, ಮರಗಳ ನಡುವೆ, ಬಂಡೆಯಲ್ಲಿ ಕೊರೆದ ಸಮಾಧಿ, ಯೇಸುವನ್ನು ಇಟ್ಟದ್ದು ಅಲ್ಲಿಯೇ ಎಂದು ನಮ್ಮಲ್ಲಿ ಹಲವರ ನಂಬಿಕೆ. ಪುನರುತ್ಥಾನದ ಮುಂಜಾನೆಯನ್ನು ಮನಸ್ಸಿನಲ್ಲಿ ಕಾಣಲು ಅಲ್ಲಿ ಸಾಧ್ಯವಾಗುತ್ತದೆ. ಪವಿತ್ರ ಸಮಾಧಿಯ ದೇವಾಲಯದ ನೂಕುನುಗ್ಗಲಿನಲ್ಲಿ ಅದು ಆಗುವುದಿಲ್ಲ.

ಶಿರಸಿಯ ಅಧ್ಯಾಪಕ

ಉದ್ಯಾನದ ಶಾಂತಿಯನ್ನು ನಾನೂ ಒಪ್ಪುತ್ತೇನೆ, ಸ್ಥಳದ ಹಕ್ಕನ್ನು ಒಪ್ಪಲಾರೆ. ಆ ಸಮಾಧಿ ಯೇಸುವಿಗಿಂತ ಹಲವು ಶತಮಾನ ಹಿಂದಿನದೆಂದು ಪುರಾತತ್ವಜ್ಞರು ಹೇಳಿದ್ದಾರೆ, ಶುಭಸಂದೇಶ ಹೇಳುವುದು ಹೊಸ ಸಮಾಧಿಯ ಮಾತು. ಪವಿತ್ರ ಸಮಾಧಿಯ ದೇವಾಲಯ 335ರಲ್ಲಿ ಪ್ರತಿಷ್ಠಾಪನೆಯಾದದ್ದು. 1009ರಲ್ಲಿ ಅದನ್ನು ಕೆಡವಿದರು, ಮತ್ತೆ ಕಟ್ಟಿದರು, ಜಾಗ ಬದಲಾಗಲಿಲ್ಲ. ಆರು ಪಂಗಡಗಳು ಅದನ್ನು ಹಂಚಿಕೊಂಡಿವೆ, ಬಾಗಿಲಿನ ಹೊಣೆ ಮಾತ್ರ ಶತಮಾನಗಳಿಂದ ಎರಡು ಮುಸ್ಲಿಂ ಮನೆತನಗಳದ್ದು. ಬೆಳಗಿನ ಜಾವ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಅಲ್ಲಿಯೂ ಮೌನ ಸಿಗುತ್ತದೆ.

ಹಳಿಯಾಳದ ಸಹೋದರ

ಇತಿಹಾಸ ನಿಮ್ಮ ಕಡೆಗಿರಲಿ, ಸರ್. ನನ್ನ ತಂದೆ ಆ ಉದ್ಯಾನದಲ್ಲಿ ಅತ್ತದ್ದನ್ನು ನಾನು ನೋಡಿದ್ದೇನೆ, ಆದ್ದರಿಂದ ಆ ಜಾಗವನ್ನು ಬಿಟ್ಟುಕೊಡಲಾರೆ.

ಅಂಕೋಲಾದ ಲೆಕ್ಕಿಗ

ಹಣದ ಮಾತು. ಒಂದು, ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್ (ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ) ವಸೂಲಿ ಮಾಡುತ್ತಾರೆ. ಅದು ಹೇಳಿದ ದರದೊಳಗೆ ಸೇರಿದೆಯೋ ಇಲ್ಲವೋ ಕೇಳಿ, ಅಮ್ಮನ ಪಾನ್ ಸಂಖ್ಯೆಯನ್ನು ತಪ್ಪದೆ ಕೊಡಿ, ಆದಾಯ ತೆರಿಗೆ ವಿವರ ಸಲ್ಲಿಸಿ ಆ ಮೊತ್ತವನ್ನು ವಾಪಸು ಪಡೆಯಬಹುದು. ಎರಡು, ಯುದ್ಧದಿಂದ ಯಾತ್ರೆ ನಿಂತರೆ ಎಷ್ಟು ಹಣ ಮರಳುತ್ತದೆಂದು ಲಿಖಿತವಾಗಿ ಪಡೆಯಿರಿ. ಹೆಚ್ಚಿನ ಪ್ರವಾಸ ವಿಮೆಗಳು ಯುದ್ಧದ ನಷ್ಟವನ್ನು ತುಂಬಿಕೊಡುವುದಿಲ್ಲ. ನಮ್ಮ ಬಂಧುಗಳೊಬ್ಬರು 2023ರಲ್ಲಿ ಕಟ್ಟಿದ ಮುಂಗಡಕ್ಕಾಗಿ ಹದಿನಾಲ್ಕು ತಿಂಗಳು ಅಲೆದರು. ಮೂರು, ಹೊರಡುವ ವಾರ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ನೋಡಿಯೇ ಹೊರಡಿ.

ಸದಾಶಿವಗಡ ನಿವಾಸಿ

ನಾನು ಹೇಳಿದ ಭಯವೂ ಇದೇ.

ಹೊನ್ನಾವರದ ಆರೈಕೆದಾರೆ

ಭಯ ನಿಜ, ಅಣ್ಣ, ನಾನೂ ಸೈರನ್ ಕೇಳಿ ಆಶ್ರಯ ಕೋಣೆಗೆ ಓಡಿದವಳೇ. ಸೂಚನೆ ಬೇಡವೆಂದರೆ ಹೋಗಬಾರದು. ಆದರೆ ಬೆತ್ಲೆಹೇಮಿನಲ್ಲಿ ಓಲಿವ್ ಮರದ ಶಿಲುಬೆ, ಗೋದಲಿ ಕೆತ್ತಿ ಬದುಕುವ ಕ್ರೈಸ್ತ ಮನೆಗಳಿವೆ, ಯಾತ್ರಿಕರು ಬಂದರೆ ಮಾತ್ರ ಅವರ ಒಲೆ ಉರಿಯುತ್ತದೆ. 2023 ಮತ್ತು 2024ರಲ್ಲಿ ಅಲ್ಲಿ ಕ್ರಿಸ್ಮಸ್ಸಿನ ಸಾರ್ವಜನಿಕ ಸಂಭ್ರಮವೇ ನಡೆಯಲಿಲ್ಲ. ಪರಿಸ್ಥಿತಿ ತಿಳಿಯಾಗಿರುವಾಗ ನಾವು ಹೋಗುವುದು ಅವರಿಗೂ ಆಸರೆ. ತಂಗೀ, ಅಲ್ಲಿನ ಜನನ ದೇವಾಲಯದ ಬಾಗಿಲಿನ ಎತ್ತರ 1.2 ಮೀಟರ್ ಮಾತ್ರ, ಎಲ್ಲರೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗಿನ ಗುಹೆಗೆ ಇಳಿಯುವ ಮೆಟ್ಟಿಲು ಕಿರಿದಾಗಿದೆ, ಕಲ್ಲು ಸವೆದಿದೆ. ಅಮ್ಮನ ಎಡಮಂಡಿಯ ಕಡೆ ನೀವಿದ್ದು, ಯೇಸು ಹುಟ್ಟಿದ ಜಾಗವನ್ನು ಗುರುತಿಸುವ ಬೆಳ್ಳಿಯ ನಕ್ಷತ್ರವನ್ನು ಮುಟ್ಟಿ ಏಳುವಾಗ ತೋಳು ಹಿಡಿಯಿರಿ.

ಸದಾಶಿವಗಡ ನಿವಾಸಿ

ಕೆತ್ತನೆಯವರ ಮನೆಗಳ ವಿಷಯವನ್ನು ನಾನು ಯೋಚಿಸಿರಲಿಲ್ಲ. ಹೋಗುವುದೇ ಆದರೆ ಎರಡು ದೇಶವನ್ನಾದರೂ ಕಡಿಮೆ ಮಾಡಿ.

ಬೈತಖೋಲದ ಮಗಳು (ಕಾರವಾರ)

ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ದೋಣಿಯ ತೇಪೆಯ ವಿಷಯಕ್ಕೆ ಬಂದಾಗ ಮತ್ತೊಮ್ಮೆ ಓದಲು ಹೇಳಿದರು. ಮಗ್ದಲದ ವಿಷಯ ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಸಮುದ್ರದ ನೀರೇ ಇಲ್ಲದ ಕಡೆ ಅಷ್ಟು ಮೀನಿಗೆ ಉಪ್ಪು ಎಲ್ಲಿಂದ ತರುತ್ತಿದ್ದರಂತೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಹೊನ್ನಾವರದ ಆರೈಕೆದಾರೆ

ಕಸುಬು ಗೊತ್ತಿದ್ದವರು ಕೇಳುವ ಪ್ರಶ್ನೆ. ಆ ನಾಡಿನ ಉಪ್ಪಿನ ಕಣಜವೆಂದರೆ ಮೃತ ಸಮುದ್ರ. ಅದರ ದಕ್ಷಿಣ ತುದಿಯಲ್ಲಿ ಸೊದೋಮ್ ಬೆಟ್ಟವೆಂಬ ಬೆಟ್ಟವೊಂದಿದೆ, ಬಹುತೇಕ ಪೂರ್ತಿ ಕಲ್ಲುಪ್ಪು. ನಮ್ಮ ಸಾಣಿಕಟ್ಟೆಯಲ್ಲಿ ಗದ್ದೆಗೆ ನೀರು ಕಟ್ಟಿ ಉಪ್ಪು ತೆಗೆದರೆ, ಅಲ್ಲಿ ಬೆಟ್ಟವನ್ನೇ ಒಡೆಯಬಹುದು. ಬಸ್ಸು ಮೃತ ಸಮುದ್ರದ ದಡದಲ್ಲಿ ನಿಂತಾಗ ಹರಳುಗಟ್ಟಿದ ಉಪ್ಪನ್ನು ಅಮ್ಮನ ಕೈಗೆ ಕೊಡಿ. ನಾಲಿಗೆಗೆ ಕಹಿಯಾಗಿರುತ್ತದೆ, ಅದನ್ನೂ ಮೊದಲೇ ಹೇಳಿ.

ಬೈತಖೋಲದ ಮಗಳು (ಕಾರವಾರ)

ಈ ಭಾನುವಾರ ಪೂಜೆಯಾದ ಮೇಲೆ ಸಂಘಟಕರ ಸಭೆಯಿದೆ. ಸಿನಾಯ್ ಮತ್ತು ಪೆಟ್ರಾ ಬಿಟ್ಟು, ತಿಬೇರಿಯದಲ್ಲಿ ಎರಡು ರಾತ್ರಿ, ಮಗ್ದಲ, ಗಿನೋಸಾರ್ ಎಂದು ಬರೆದ ಅರ್ಜಿಗೆ ಅರವತ್ತು ದಾಟಿದ ಹನ್ನೊಂದು ಯಾತ್ರಿಕರ ಸಹಿ ಈಗಾಗಲೇ ಸಿಕ್ಕಿದೆ. ಮೊದಲ ಸಹಿ ಅಮ್ಮನದು.